ಅಪ್ಪನ ಹೊಟ್ಟೆಹುಣ್ಣು ಮತ್ತು ಗಂಜಿಗೆ ಮುಂಚಿನ ಮಾತ್ರೆ

ಮಂಡಿನೋವಿಗೆಂದು ಡೈಕ್ಲೋಫೆನಾಕ್, ಅದರಿಂದ ಹೊಟ್ಟೆ ಉರಿಯದಿರಲೆಂದು ಪ್ಯಾಂಟೊಪ್ರಜೋಲ್. ಉಡುಪಿಯ ನಮ್ಮ ಮನೆಯಲ್ಲಿ ಅಪ್ಪ ಈ ಎರಡನ್ನೂ ಬಹಳ ಕಾಲದಿಂದ ಬೆಳಗಿನ ಗಂಜಿಯೂಟವಾದ ಮೇಲೆ ಒಟ್ಟಿಗೆ ನುಂಗುತ್ತಿದ್ದರು. ಆದರೂ ನಡುರಾತ್ರಿ ಹೊಟ್ಟೆಯ ಮೇಲ್ಭಾಗದ ಉರಿನೋವು ಅವರನ್ನು ಎಬ್ಬಿಸುತ್ತಿತ್ತು, ಎರಡು ಬಿಸ್ಕೆಟ್ ತಿಂದರೆ ತುಸು ತಗ್ಗುತ್ತಿತ್ತು.

ಮಂಗಳೂರಿನ ತಜ್ಞವೈದ್ಯರು ಎಂಡೋಸ್ಕೋಪಿಗೆ ಎರಡು ವಾರ ಮೊದಲೇ ಎರಡೂ ಮಾತ್ರೆಗಳನ್ನು ನಿಲ್ಲಿಸಿ, ಉರಿಗೆ ಬಿಳಿಯ ಆ್ಯಂಟಾಸಿಡ್ ಸಿರಪ್ ಮಾತ್ರ ಕೊಟ್ಟರು. ಹುಳಿ ತಗ್ಗಿಸುವ ಮಾತ್ರೆ ನಡೆಯುತ್ತಿರುವಾಗ ಪರೀಕ್ಷಿಸಿದರೆ ಹೊಟ್ಟೆಯಲ್ಲಿ ರೋಗಾಣು ಇದ್ದರೂ ಇಲ್ಲವೆಂಬ ಫಲಿತಾಂಶ ಬರುವ ಸಾಧ್ಯತೆಯಿದೆ ಎಂಬುದು ಅವರು ಹೇಳಿದ ಕಾರಣ.

ಪರೀಕ್ಷೆಯ ದಿನ ಖಾಲಿ ಹೊಟ್ಟೆಯಲ್ಲಿ ಬೆಳಗಿನ ಬಸ್ಸು ಹಿಡಿದು ಹೋದೆವು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು ಕೊಳವೆ ಇಳಿಸಿದಾಗ ಸಣ್ಣಕರುಳಿನ ಆರಂಭದಲ್ಲಿ ಹುಣ್ಣು ಕಂಡಿತು. ಜಠರದಿಂದ ಚಿವುಟಿ ತೆಗೆದ ಎಳ್ಳುಕಾಳಿನಷ್ಟು ಅಂಗಾಂಶವನ್ನು ಹಳದಿ ದ್ರಾವಣದಲ್ಲಿ ಹಾಕಿದರು. ನಾವು ಹೊರಗೆ ಕಾಯುತ್ತಿದ್ದಾಗ ದಾದಿ ಆ ಸೀಸೆಯನ್ನು ತಂದು ತೋರಿಸಿದರು, ಹಳದಿಯೆಲ್ಲ ಗಾಢ ಗುಲಾಬಿಯಾಗಿತ್ತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು ದ್ರಾವಣದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದರಿಂದ ಆ ಬಣ್ಣ ಬರುತ್ತದೆ. ಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂದು ನಂಬಿದ್ದ ವೈದ್ಯಲೋಕಕ್ಕೆ ಈ ರೋಗಾಣುವನ್ನು ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್. ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡಿದ್ದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಪ್ಪನ ನೋವಿನ ಮಾತ್ರೆಯೂ ಹೊಟ್ಟೆಯ ಒಳಪದರದ ರಕ್ಷಣೆಯನ್ನು ಕುಗ್ಗಿಸಿತ್ತು. ಈ ಎರಡು ಕಾರಣಗಳನ್ನು ಹುಡುಕದೆ ಹುಳಿಯೊಂದನ್ನೇ ತಗ್ಗಿಸುತ್ತ ಹೋದದ್ದರಿಂದ ನೋವು ಇಷ್ಟು ದೂರ ಬಂತು ಎಂದು ನನಗನ್ನಿಸುತ್ತದೆ.

ಚಿಕಿತ್ಸೆ ಹದಿನಾಲ್ಕು ದಿನದ್ದು: ಎರಡು ಬಗೆಯ ಆ್ಯಂಟಿಬಯಾಟಿಕ್, ಜೊತೆಗೆ ದಿನಕ್ಕೆ ಎರಡು ಸಲ ಪ್ಯಾಂಟೊಪ್ರಜೋಲ್. "ಊಟ ಆದ ಮೇಲೆ ತಗೊಂಡ್ರೆ ಅರ್ಧ ಕೆಲಸವೂ ಆಗ್ಲಿಕ್ಕಿಲ್ಲ, ಅರ್ಧ ಗಂಟೆ ಮೊದಲೇ ತಗೊಳ್ಳಿ" ಎಂದು ವೈದ್ಯರು ಅಪ್ಪನಿಗೆ ಒತ್ತಿ ಹೇಳಿದರು. ಆಹಾರ ಬಿದ್ದಾಗ ಹೊಟ್ಟೆಗೋಡೆಯ ಕೋಶಗಳಲ್ಲಿ ಆಮ್ಲ ಸುರಿಸುವ ಪಂಪುಗಳು ಚುರುಕಾಗುತ್ತವೆ, ಈ ಔಷಧ ಹಾಗೆ ಚುರುಕಾದವುಗಳನ್ನೇ ಕಟ್ಟಿಹಾಕುತ್ತದೆ. ಆದ್ದರಿಂದ ಅದು ಮುಂಚಿತವಾಗಿ ರಕ್ತ ಸೇರಿರಬೇಕು. ಹೊಟ್ಟೆಯ ಹುಳಿಗೇ ಅದು ಹಾಳಾಗುವುದರಿಂದ ಮೇಲೆ ಲೇಪವಿರುತ್ತದೆ, ಪುಡಿ ಮಾಡಬಾರದು. ಅಂದಿನಿಂದ ಅಮ್ಮ ಏಳೂವರೆಗೆ ಮಾತ್ರೆ, ಎಂಟಕ್ಕೆ ಕುಚ್ಚಲಕ್ಕಿ ಗಂಜಿ ಎಂದು ಗಡಿಯಾರ ನೋಡಿಯೇ ಬಡಿಸಿದರು.

ಕೋರ್ಸು ಮುಗಿದು ಒಂದು ತಿಂಗಳಿಗೂ ಹೆಚ್ಚು ಕಳೆದ ಮೇಲೆ, ಮತ್ತೆ ಎರಡು ವಾರ ಪ್ಯಾಂಟೊಪ್ರಜೋಲ್ ಬಿಟ್ಟು, ಉಸಿರಿನ ಪರೀಕ್ಷೆ ಮಾಡಿಸಿದೆವು, ರೋಗಾಣು ಇರಲಿಲ್ಲ. ಮಾತ್ರೆ ಬಿಟ್ಟ ಮೊದಲ ದಿನಗಳಲ್ಲಿ ಆಮ್ಲ ಮರುಕಳಿಸಿ ಎದೆಯುರಿ ಕಾಣಿಸಿಕೊಂಡಿತ್ತು, ಅದು ಹುಣ್ಣಿನ ಮರಳುವಿಕೆಯಲ್ಲವೆಂದು ವೈದ್ಯರು ಮೊದಲೇ ತಿಳಿಸಿದ್ದರಿಂದ ಅಪ್ಪ ಸಿರಪ್ಪಿನಲ್ಲಿಯೇ ತಡೆದುಕೊಂಡರು. ಮಂಡಿನೋವಿಗೆ ಈಗ ಪ್ಯಾರಸಿಟಮಾಲ್ ನಡೆದಿದೆ; ಮಲ ಡಾಂಬರಿನಂತೆ ಕಪ್ಪಾದರೆ ಮರುಗಳಿಗೆಯೇ ಬರಬೇಕೆಂದು ವೈದ್ಯರು ಚೀಟಿಯ ಕೆಳಗೆ ಬರೆದುಕೊಟ್ಟಿದ್ದಾರೆ.