ಅಟ್ಟದಿಂದ ಇಳಿದ ಮಾವನ ಬೂಟು

ಮೇ 11, ಭಾನುವಾರ

ತೀರ್ಥಹಳ್ಳಿ ಹತ್ತಿರ ಮಾವನ ಮನೆಗೆ ಹೋಗಿದ್ದೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹಳೆ ಕಾರ್ಬ್ಯುರೇಟರ್ ಹುಡುಕುತ್ತಿದ್ದಾಗ ಗೋಣಿಚೀಲದೊಳಗೆ ಒಂದು ಜೊತೆ ಬೂಟು ಸಿಕ್ಕಿತು. ಮಂಡಿ ಕೈಕೊಡುವವರೆಗೂ ಮಾವ ಬುಲೆಟ್ ಬೈಕ್ ಓಡಿಸುವಾಗ ಹಾಕುತ್ತಿದ್ದ ಬೂಟು. ಕಪ್ಪು ಚರ್ಮ, ಅರ್ಧ ಮೀನಖಂಡದವರೆಗೆ ಎತ್ತರ, ಪಕ್ಕದಲ್ಲಿ ಎರಡೆರಡು ಹಿತ್ತಾಳೆ ಬಕಲ್. ಹೊರಗೆಲ್ಲ ಇಲ್ಲಣ. ಒಳಗೆ ಇಲಿ ತಂದಿಟ್ಟ ಅಡಿಕೆ ಸಿಪ್ಪೆ.

"ಅದನ್ನೇನ್ ಮಾಡ್ತೀಯ ಮಾರಾಯ, ಒಲೆಗೆ ಹಾಕು" ಅಂದರು ಮಾವ. ಬಾಯಲ್ಲಿ ಹಾಗಂದರೂ ಎರಡನ್ನೂ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅವರ ಅಳತೆ ಎಂಟು, ನನ್ನದೂ ಎಂಟು. ಶಿವಮೊಗ್ಗಕ್ಕೆ ಹೊತ್ತು ತಂದೆ.

ಮೊದಲು ನೋಡಿದ್ದು ಅಟ್ಟೆ. ಇದರಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಮೂರು ವರ್ಷ ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದ ನನ್ನ ಇನ್ನೊಂದು ಜೊತೆಯನ್ನು ಹಾಕಿಕೊಂಡು ಹತ್ತು ಹೆಜ್ಜೆ ಇಟ್ಟಿದ್ದೆ ಅಷ್ಟೇ, ಅಟ್ಟೆ ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರಿತು. ಪಾಲಿಯುರೆಥೇನ್ ಅಟ್ಟೆಗಿರುವ ಕಾಯಿಲೆ ಅದು. ಗಾಳಿಯಲ್ಲಿರುವ ತೇವವೇ ಸಾಕು, ವರ್ಷಗಳು ಕಳೆದಂತೆ ಒಳಗೊಳಗೇ ಬಿಟ್ಟುಹೋಗುತ್ತದೆ. ಹಾಕದೇ ಇಟ್ಟರೂ ಅದು ತಪ್ಪಿದ್ದಲ್ಲ. ಮಾವನದು ಹೊಲಿಗೆ ಹಾಕಿದ ರಬ್ಬರ್ ಅಟ್ಟೆ. ಚೆನ್ನಾಗಿ ಬಗ್ಗಿಸಿ ನೋಡಿದೆ, ಬಿರುಕಿಲ್ಲ. ಬಲಗಾಲಿನ ಅಂಚಿನಲ್ಲಿ ಮೂರು ಇಂಚು ಹೊಲಿಗೆ ಬಿಚ್ಚಿದೆ, ಅಷ್ಟೇ. ಅಂದರೆ ಕೆಲಸ ಮಾಡುವಷ್ಟು ಜೀವ ಇದೆ.

ಮೇ 13

ಮೊದಲಿಗೆ ನೀರು ಮುಟ್ಟಿಸಲಿಲ್ಲ. ಹಿತ್ತಲಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್‌ನಲ್ಲಿ ಉಜ್ಜಿದೆ. ಮಸಿ ಹೋದ ಮೇಲೆ ಬಿಳಿ ಕಲೆಗಳು ಕಾಣಿಸಿದವು. ಬೂಷ್ಟು ಅಂದುಕೊಂಡೆ. ಆದರೆ ಬೆರಳಿನ ಮೇಲ್ಭಾಗದಲ್ಲಿದ್ದ ಬಿಳುಪು ಹುಡಿಯಂತಿರಲಿಲ್ಲ, ತೆಳ್ಳಗೆ ಮೇಣ ಸವರಿದಂತಿತ್ತು.

ಇದನ್ನು ಪತ್ತೆ ಮಾಡುವ ಸುಲಭ ದಾರಿ ಹೇರ್ ಡ್ರೈಯರ್. ಚರ್ಮದೊಳಗಿನ ಕೊಬ್ಬು, ಮೇಣ ಹೊರಗೆ ಬಂದು ಹೆಪ್ಪುಗಟ್ಟಿದ್ದರೆ ಸ್ವಲ್ಪ ಬಿಸಿ ಗಾಳಿಗೆ ಕರಗಿ ಮಾಯವಾಗುತ್ತದೆ. ಬೂಷ್ಟಾದರೆ ಕರಗಲ್ಲ. ದೂರದಿಂದ ಹಿಡಿದೆ. ಬೆರಳಿನ ಮೇಲಿದ್ದದ್ದು ಅರ್ಧ ನಿಮಿಷದಲ್ಲಿ ಹೋಯಿತು. ಹಿಮ್ಮಡಿಯ ಒಳಭಾಗದ್ದು ಹಾಗೇ ಉಳಿಯಿತು, ಮೂಸಿದರೆ ಮಳೆಗಾಲದ ಕಪಾಟಿನ ವಾಸನೆ. ಅದು ನಿಜವಾದ ಬೂಷ್ಟು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಒಳಗೂ ಹೊರಗೂ ಒರೆಸಿದೆ. ಒಳಗಿನ ಮೆತ್ತೆಯನ್ನು ಕಿತ್ತು ಬಿಸಾಡಿದೆ. ಅದನ್ನು ಉಳಿಸಿಕೊಳ್ಳೋ ಆಸೆ ಯಾರಿಗೂ ಬೇಡ.

ಬಕಲ್ ಸುತ್ತ ಹಸಿರು ಜಿಡ್ಡು ಬೇರೆ ಇತ್ತು. ಚರ್ಮದ ಎಣ್ಣೆಯೂ ಹಿತ್ತಾಳೆಯ ತಾಮ್ರವೂ ಸೇರಿ ಆಗುವಂಥದ್ದು. ಬಿದಿರು ಕಡ್ಡಿ ಚೂಪು ಮಾಡಿಕೊಂಡು ಕೆರೆದು ತೆಗೆದೆ. ಒಂದು ಗಂಟೆ ಹಿಡಿಯಿತು. ಟಿವಿ ನೋಡುತ್ತಾ ಮಾಡುವುದಕ್ಕೆ ಒಳ್ಳೆ ಕೆಲಸ.

ಮೇ 18, ಭಾನುವಾರ

ಇವತ್ತು ತೊಳೆದೆ. ಬಟ್ಟೆ ಸೋಪು, ಪುಡಿ ಎರಡೂ ಬೇಡ. ಚರ್ಮಕ್ಕೆ ಸಹಜವಾಗಿ ಸ್ವಲ್ಪ ಹುಳಿ ಗುಣ ಇರುತ್ತದೆ. ಸೋಪಿನದು ಕ್ಷಾರ. ಕೊಳೆಯ ಜೊತೆ ಚರ್ಮದ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ, ಒಣಗಿದ ಮೇಲೆ ಹಪ್ಪಳ. ಚರ್ಮ ತೊಳೆಯೋಕೆಂದೇ ಇರುವ ಸ್ಯಾಡಲ್ ಸೋಪ್ ಇಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ. ಅಕ್ಕನ ಮಗುವಿನ ಶಾಂಪೂ ಒಂದು ಚಮಚ ಒಂದು ಮಗ್ ನೀರಿಗೆ ಹಾಕಿ, ಬರೀ ನೊರೆಯನ್ನು ಮಾತ್ರ ಹಚ್ಚಿ ಒರೆಸುತ್ತಾ ಹೋದೆ. ಐದು ಬಟ್ಟೆ ಕಪ್ಪಾದವು.

ಆಮೇಲೆ ಒಳಗೆ ಹಳೆ ಪೇಪರ್ ತುರುಕಿ, ನೆರಳಲ್ಲಿ, ಫ್ಯಾನಿನ ಕೆಳಗೆ. "ಬಿಸಿಲಿಗೆ ಇಡೋ, ಸಂಜೆಗೆ ಒಣಗುತ್ತೆ" ಅಂತ ಅಮ್ಮ ಮೂರು ಸಲ ಹೇಳಿದಳು. ಒದ್ದೆ ಚರ್ಮಕ್ಕೆ ಜೋರು ಬಿಸಿಲು, ಒಲೆಯ ಬಿಸಿ ತಾಗಿದರೆ ಮುರುಟಿಕೊಂಡು ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತೆ ಆಗಲ್ಲ. ಪೇಪರ್ ಒದ್ದೆಯಾದಾಗೆಲ್ಲ ಬದಲಿಸಿದರೆ ಎರಡು ದಿನ ಸಾಕು.

ಕೊಳೆ ಹೋದ ಮೇಲೆ ಒಂದು ವಿಚಿತ್ರ ಕಂಡಿತು. ಗೇರ್ ಲಿವರ್ ಉಜ್ಜಿ ಸವೆಯೋದು ಎಡಗಾಲಿನ ಬೂಟು, ಅಲ್ವಾ? ಇಲ್ಲಿ ಸವೆದಿರೋದು ಬಲಗಾಲು. ಬೆರಳಿನ ಮೇಲೆ, ಹೆಬ್ಬೆಟ್ಟಿನಗಲ, ಕಪ್ಪು ಬಣ್ಣ ಹೋಗಿ ಕಂದು ಬಣ್ಣ ಕಾಣುತ್ತಿದೆ. ಎಡಗಾಲಿನ ಮೇಲ್ಭಾಗ ಹೊಸದರಂತೆ ಇದೆ.

ಮಾವನಿಗೆ ಫೋನ್ ಮಾಡಿದೆ. ನಕ್ಕರು. "ನಿಮ್ಮ ಕಾಲದ ಗಾಡಿ ಅಲ್ಲಪ್ಪ ಅದು. ನಮ್ಮದಕ್ಕೆ ಗೇರ್ ಬಲಗಡೆ, ಬ್ರೇಕ್ ಎಡಗಡೆ."

ಗೊತ್ತಿದ್ದ ವಿಷಯವೇ, ತಲೆಗೆ ಹೊಳೆದಿರಲಿಲ್ಲ. ಹಳೆ ಬುಲೆಟ್ಟಿಗೆ ನಾಲ್ಕು ಗೇರ್, ಒಂದು ಮೇಲೆ, ಮೂರು ಕೆಳಗೆ. ಅಂದರೆ ಗೇರ್ ಏರಿಸಲು ತುಳಿಯಬೇಕು, ಇಳಿಸಲು ಬೆರಳಿನಿಂದ ಎತ್ತಬೇಕು. ನನ್ನ ಗಾಡಿಗೆ ಪೂರ್ತಿ ಉಲ್ಟಾ. ಹಾಗಾದರೆ ಆ ಕಂದು ಕಲೆ ಮಾವ ಗೇರ್ ಇಳಿಸಿದ ಕಲೆ. ಘಾಟಿ ತಿರುವು, ಮಣ್ಣು ದಾರಿ, ಅಡ್ಡ ಬಂದ ದನ.

ಅದಕ್ಕೆ ಬಣ್ಣ ಹಾಕಬೇಕು ಅಂತಿದ್ದೆ. ಬಾಟಲಿಯನ್ನೂ ತಂದಿದ್ದೆ. ಎತ್ತಿಟ್ಟೆ.

ಮೇ 25, ಭಾನುವಾರ

ವಾರದ ಮಧ್ಯೆ ಸರ್ಕಲ್ ಪಕ್ಕದ ಬೂಟು ರಿಪೇರಿಯವರ ಹತ್ತಿರ ಹೊಲಿಗೆ ಹಾಕಿಸಿದೆ. ಹಳೇ ತೂತುಗಳಲ್ಲೇ ಕೊಕ್ಕೆ ಸೂಜಿ ಇಳಿಸಿ, ಮೇಣದ ನೂಲಲ್ಲಿ ಹೊಲಿದರು. ಹೊಸ ತೂತು ಮಾಡಿದರೆ ಚರ್ಮ ಅಲ್ಲೇ ಹರಿಯುತ್ತೆ ಸಾರ್ ಅಂದರು. 120 ರೂಪಾಯಿ.

ಇನ್ನು ಎಣ್ಣೆ. ಇಲ್ಲಿ ನಾನು ತಪ್ಪು ಮಾಡಿದೆ. ಅಜ್ಜ ಅಥಣಿ ಚಪ್ಪಲಿಗೆ ಎಣ್ಣೆ ಕುಡಿಸುತ್ತಿದ್ದದ್ದು ನೆನಪಾಗಿ, ಎಡಗಾಲಿನ ಬೂಟಿಗೆ ಹರಳೆಣ್ಣೆಯನ್ನು ಧಾರಾಳವಾಗಿ ಹಚ್ಚಿಬಿಟ್ಟೆ. ಅದು ದಪ್ಪ ಅಟ್ಟೆಯ ಚಪ್ಪಲಿ, ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ. ಇದು ತೆಳು ಚರ್ಮದ ಬೂಟು. ಮಾರನೇ ದಿನ ಕಣಕಾಲಿನ ಭಾಗ ನೆನೆದ ದೋಸೆ ಥರ ಮೆತ್ತಗೆ. ಬೂಟು ನಿಲ್ಲುತ್ತಲೇ ಇಲ್ಲ, ಪಕ್ಕಕ್ಕೆ ವಾಲುತ್ತೆ. ಟಿಶ್ಯೂ ಸುತ್ತಿ ನಾಲ್ಕು ದಿನ ಇಟ್ಟ ಮೇಲೆ ಸುಮಾರು ಸರಿಹೋಯಿತು. ಬಲಗಾಲಿಗೆ ಬಟ್ಟೆಯಲ್ಲಿ ಎರಡೇ ಹನಿ, ಅದೂ ಮಡಿಕೆ ಬೀಳುವ ಕಡೆ ಮಾತ್ರ. ಅಷ್ಟು ಸಾಕಿತ್ತು.

ನೀರು ತಡೆಯೋಕೆ ಮೇಣ. ಪರಿಚಯದ ಜೇನು ಸಾಕಣೆಯವರು ಒಂದು ಉಂಡೆ ಕೊಟ್ಟಿದ್ದರು. ಒಂದು ಪಾಲು ಜೇನುಮೇಣ, ಎರಡು ಪಾಲು ಹರಳೆಣ್ಣೆ. ನೇರ ಬೆಂಕಿಗೆ ಇಡಬೇಡಿ, ಹೊತ್ತಿಕೊಳ್ಳಬಹುದು. ಜೇನುಮೇಣ 65 ಡಿಗ್ರಿಯೊಳಗೇ ಕರಗುತ್ತದೆ, ಹಾಗಾಗಿ ಬಿಸಿನೀರಿನ ಪಾತ್ರೆಯಲ್ಲಿ ಸ್ಟೀಲ್ ಡಬ್ಬಿ ಕೂರಿಸಿದರೆ ಧಾರಾಳವಾಯಿತು. ಆರಿದಾಗ ಬೆಣ್ಣೆಯಂತಾಯಿತು. ಬೆರಳಲ್ಲೇ ತೆಳ್ಳಗೆ ಹಚ್ಚಿದೆ. ಹೊಲಿಗೆಗಳ ಮೇಲೆ ಜಾಸ್ತಿ, ಬಕಲ್ ಪಕ್ಕ ಕಡಿಮೆ. ಆ ಡಬ್ಬಿ ಇನ್ನು ಅಡುಗೆಮನೆಗೆ ಬರುವ ಹಾಗಿಲ್ಲ ಅಂತ ಆಜ್ಞೆಯಾಗಿದೆ.

ಒಳಗೆ ನೀರು ತಡೆದು ಬೆವರಿನ ಆವಿಯನ್ನು ಹೊರಬಿಡುವ ಗೋರ್‌ಟೆಕ್ಸ್‌ನಂಥ ಪದರ ಇರುವ ಹೊಸ ಬೂಟುಗಳಿಗೆ ಈ ಪ್ರಯೋಗ ಬೇಡ. ಎಣ್ಣೆ, ಮೇಣ ಹಚ್ಚಿದರೆ ಉಸಿರಾಡುವ ಗುಣ ಹೋಗಿ ಕಾಲು ಒಳಗೇ ಬೇಯುತ್ತದೆ. ಕಂಪನಿ ಹೇಳಿದ ಸ್ಪ್ರೇಯೇ ಸರಿ.

ಜೂನ್ 8, ಭಾನುವಾರ

ಪರೀಕ್ಷೆಗೆ ಆಗುಂಬೆಗಿಂತ ಬೇರೆ ಜಾಗ ಯಾಕೆ? ತೀರ್ಥಹಳ್ಳಿ ದಾಟುವಾಗಲೇ ಮಳೆ ಹಿಡಿಯಿತು. ಘಾಟಿ ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದು ಮತ್ತೆ ಹತ್ತಿದೆ. ಹದಿನಾಲ್ಕು ತಿರುವು, ಎರಡೂ ಕಡೆ ಸೇರಿ ಇಪ್ಪತ್ತೆಂಟು.

ಬೂಟಿನ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಜಾರುತ್ತಿತ್ತು. ನೋಡಿ ಖುಷಿಯೋ ಖುಷಿ. ಆದರೂ ವಾಪಸ್ ಮೇಲೆ ಬರುವಷ್ಟರಲ್ಲಿ ಒಳಗೆ ಪಚಪಚ. ಹೊಲಿಗೆ ಸೋರಿತಾ ಅಂತ ಗಾಬರಿಯಾಗಿ ಬಿಚ್ಚಿದೆ. ಹೊಲಿಗೆಯದ್ದಲ್ಲ, ನನ್ನ ತಪ್ಪು. ಮಳೆ ಪ್ಯಾಂಟನ್ನು ಬೂಟಿನ ಒಳಗೆ ತೂರಿಸಿದ್ದೆ, ಸೊಂಟದಿಂದ ಇಳಿದ ನೀರೆಲ್ಲ ನೇರ ಒಳಗೆ. ಮೇಣ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಒಳಗೆ ಬಂದ ನೀರು ಹೊರಗೂ ಹೋಗಿರಲಿಲ್ಲ. ಬಗ್ಗಿಸಿದಾಗ ಚೊಂಬಿನಿಂದ ಸುರಿದ ಹಾಗೆ ಸುರಿಯಿತು.

ಮನೆಗೆ ಬಂದು ಪೇಪರ್ ತುರುಕಿ ಫ್ಯಾನ್ ಹಾಕಿದ್ದೇನೆ. ಎಡಗಾಲಿನ ಬೆರಳಿನ ಮೇಲೆ, ಇಷ್ಟು ವರ್ಷ ಏನೂ ಇಲ್ಲದ ಕಡೆ, ಲಿವರ್ ಎಳೆದ ತೆಳು ಗೆರೆ ಬಿದ್ದಿದೆ. ಅಲ್ಲಿಗೆ ಹಳೆ ಟ್ಯೂಬಿನ ತುಂಡು ಹೊಲಿಸಿದರೆ ಚರ್ಮ ಉಳಿಯುತ್ತದೆ ಅಂತ ರಿಪೇರಿಯವರು ಹೇಳಿದ್ದರು. ಮಾವನನ್ನು ಕೇಳಿದೆ.

"ನಾನೇನು ಹೊಲಿಸಿದ್ನಾ?" ಅಂದರು.

ಟ್ಯೂಬಿನ ತುಂಡು ಕತ್ತರಿಸಿ ಇಟ್ಟಿದ್ದೇನೆ. ಇನ್ನೂ ಹೊಲಿಸಿಲ್ಲ.