ಬೊಬ್ಬೆ ಹಾಕಿ ಹಿಡಿದ ಕಳ್ಳ

ಕರೆಂಟು ಹೋಗಿ ನಾಲ್ಕನೇ ದಿನ. ಬೆಳಗ್ಗೆ ಮಳೆ ಮಾಪಕ ನೋಡಿದರೆ ನಾಲ್ಕು ಇಂಚು ಇಪ್ಪತ್ತು ಸೆಂಟು. ಕೊಡಗಿನ ಜಡಿಮಳೆಯ ತಿಂಗಳು ಕಕ್ಕಡದಲ್ಲಿ ಇದು ದೊಡ್ಡ ಸಂಗತಿಯೇನಲ್ಲ. ಸಿಲ್ವರ್ ಮರವೊಂದು ತಂತಿಯ ಮೇಲೆ ಒರಗಿತು ಅಂದರೆ ಲೈನ್‌ಮನ್ ಬರುವ ತನಕ ನಾವೆಲ್ಲ ಬುಡ್ಡಿದೀಪದ ಕಾಲಕ್ಕೆ ವಾಪಸ್ಸು. ಅಕ್ಕನ ಮಗ ಮಡಿಕೇರಿಯಿಂದ ಬರುವಾಗ ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಬಂದಿದ್ದ. ಬ್ಯಾಟರಿ ಒಂದೂವರೆ ಗಂಟೆ ಬರುತ್ತದಂತೆ. ಪೆನ್‌ಡ್ರೈವಿನಲ್ಲಿದ್ದ ಹಳೆಯ ಸಿನಿಮಾಗಳಲ್ಲಿ ಆ ಲೆಕ್ಕದೊಳಗೆ ಮುಗಿಯುವಂಥದ್ದು ಒಂದೇ ಸಿಕ್ಕಿತು: 82 ನಿಮಿಷದ ‘ಹ್ಯೂ ಅಂಡ್ ಕ್ರೈ’, 1947ರದ್ದು. ಹಾಗೆ ನಾನು, ಅವನು, ಎಂಬತ್ತೊಂದು ವರ್ಷದ ನಮ್ಮಪ್ಪ, ಮೂವರೂ ಒಂದೇ ಕಂಬಳಿಯಡಿ ಕಾಲು ಚಾಚಿ ಕೂತೆವು.

ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಮಾತು ಅರ್ಧಕ್ಕರ್ಧ ಕೇಳಲಿಲ್ಲ. ಅಪ್ಪನಿಗೆ ಬರುವುದು ಚೆಕ್‌ರೋಲ್, ಅಂದರೆ ತೋಟದ ಹಾಜರಿ ಪುಸ್ತಕದ ಇಂಗ್ಲಿಷು ಮಾತ್ರ. ಆದರೂ ಕತೆ ಯಾರಿಗೂ ತಪ್ಪಲಿಲ್ಲ.

ಲಂಡನ್ನಿನ ಬಡ ಹುಡುಗರ ಒಂದು ಗುಂಪು. ‘ಟ್ರಂಪ್’ ಅನ್ನುವ ವಾರದ ಪತ್ರಿಕೆಯಲ್ಲಿ ಬರುವ ಪತ್ತೇದಾರಿ ಧಾರಾವಾಹಿ ಅಂದರೆ ಇವರಿಗೆ ಪ್ರಾಣ. ಜೋ ಅನ್ನುವ ಹುಡುಗನಿಗೆ ಅನುಮಾನ ಶುರುವಾಗುತ್ತದೆ: ಕತೆಯಲ್ಲಿ ಓದಿದ ಲಾರಿ ನಂಬರು ಎದುರಿಗೆ ರಸ್ತೆಯಲ್ಲೇ ನಿಂತಿದೆಯಲ್ಲ? ನಿಜ ಸಂಗತಿ ಎಂಥದ್ದೆಂದರೆ, ಕಳ್ಳರ ಕೂಟವೊಂದು ಧಾರಾವಾಹಿಯ ಸಾಲುಗಳನ್ನು ತಿದ್ದಿ, ಮುಂದಿನ ಕನ್ನ ಎಲ್ಲಿ ಅನ್ನುವುದನ್ನು ತಮ್ಮವರಿಗೆ ಅದರಲ್ಲೇ ತಿಳಿಸುತ್ತಿದೆ. ಪೊಲೀಸ್ ಇನ್ಸ್‌ಪೆಕ್ಟರು ಹುಡುಗನ ಮಾತಿಗೆ ನಕ್ಕು, ತಲೆ ತಿರುಗದಿರಲಿ ಅಂತ ಕಾವೆಂಟ್ ಗಾರ್ಡನ್ ತರಕಾರಿ ಮಾರುಕಟ್ಟೆಯಲ್ಲಿ ಒಬ್ಬರ ಹತ್ತಿರ ಕೆಲಸಕ್ಕೆ ಹಚ್ಚುತ್ತಾರೆ. ಆ ಧಣಿ ನಗುನಗುತ್ತಾ ಮಾತಾಡುವ, ಬಹಳ ಒಳ್ಳೆಯ ಮನುಷ್ಯ. ಕಳ್ಳರ ಯಜಮಾನ ಯಾರು ಅಂತ ಇನ್ನು ನಾನು ಹೇಳಬೇಕಾಗಿಲ್ಲ. ಅಪ್ಪ ಹತ್ತೇ ನಿಮಿಷದಲ್ಲಿ ಹೇಳಿದರು: “ಇವನೇ ಮಾರಾಯ. ತೂಕ ಮಾಡುವವರು ಅಷ್ಟು ನಗಬಾರದು.”

ಆ ಪಾತ್ರ ಮಾಡಿದ ಜ್ಯಾಕ್ ವಾರ್ನರ್ 1950ರಲ್ಲಿ ‘ದಿ ಬ್ಲೂ ಲ್ಯಾಂಪ್’ನಲ್ಲಿ ಡಿಕ್ಸನ್ ಅನ್ನುವ ಕಾನ್‌ಸ್ಟೇಬಲ್ ಆದ, ಮುಂದೆ ಅದೇ ವೇಷದಲ್ಲಿ ಟಿವಿಯಲ್ಲಿ 1955ರಿಂದ 1976ರ ತನಕ ಬಂದ. ಒಂದು ದೇಶದ ಮನೆಮನೆಯ ಪೊಲೀಸಪ್ಪ ಮೊದಲು ಹುಡುಗರ ಕೈಯಲ್ಲಿ ಸಿಕ್ಕಿಬಿದ್ದ ಕಳ್ಳ. ಎರಡೂ ಸಿನಿಮಾ ಬರೆದವನು ಟಿ.ಇ.ಬಿ. ಕ್ಲಾರ್ಕ್. ಯುದ್ಧದ ಕಾಲದಲ್ಲಿ ಆತ ಲಂಡನ್ನಿನಲ್ಲಿ ಮೀಸಲು ಪೊಲೀಸನಾಗಿದ್ದವನು, ಹಾಗಾಗಿ ಎರಡೂ ಕಡೆಯವರನ್ನು ಹತ್ತಿರದಿಂದ ನೋಡಿರಬೇಕು.

ನನಗೆ ಕಣ್ಣು ಕೀಳಲಿಕ್ಕೆ ಆಗದೇ ಇದ್ದದ್ದು ಆ ಊರು. 1940ರ ಸೆಪ್ಟೆಂಬರಿನಿಂದ ಮರುವರ್ಷದ ಮೇ ತನಕ ಜರ್ಮನಿಯ ಬಾಂಬು ಬಿದ್ದು ಬಾಯಿಬಿಟ್ಟ ಮನೆಗಳು, ಛಾವಣಿ ಹಾರಿಹೋದ ಗೋದಾಮುಗಳು. ಸೆಟ್ ಅಲ್ಲ, ಎಲ್ಲ ನಿಜ. ಈ ಸಿನಿಮಾ ತೆಗೆದ ಈಲಿಂಗ್ ಸ್ಟುಡಿಯೋದವರ ಹತ್ತಿರ ಹಾಲಿವುಡ್ಡಿನವರಂಥ ಥೈಲಿ ಇರಲಿಲ್ಲ. ನಿರ್ದೇಶಕ ಚಾರ್ಲ್ಸ್ ಕ್ರೈಟನ್ ಕ್ಯಾಮೆರಾ ಹೊತ್ತುಕೊಂಡು ಬೀದಿಗಿಳಿದ. ದೊಡ್ಡವರಿಗೆ ಸೂತಕದ ಜಾಗ, ಹುಡುಗರಿಗೆ ಆಟದ ಬಯಲು. ಸಣ್ಣವನೊಬ್ಬ ಇಟ್ಟಿಗೆ ರಾಶಿಯ ಮೇಲೆ ಕೂತು ಬಾಯಲ್ಲೇ ವಿಮಾನ ಎರಗುವ ಸದ್ದು, ಬಾಂಬು ಸಿಡಿಯುವ ಸದ್ದು ಮಾಡುತ್ತಾನೆ. ತನ್ನಷ್ಟಕ್ಕೆ ತಾನು, ಯಾರಿಗೂ ಅಲ್ಲ. ಆ ಸದ್ದನ್ನು ಅವನು ಕಲಿತದ್ದು ಎಲ್ಲಿಂದ ಅಂತ ಹೊಳೆದ ಮೇಲೆ ನನಗೆ ನಗು ಬರಲಿಲ್ಲ.

ಕತೆ ಬರೆಯುವವನಾಗಿ ಅಲಸ್ಟೇರ್ ಸಿಮ್ ಬರುವುದು ನಾಲ್ಕೇ ನಿಮಿಷವೋ ಏನೋ, ಆದರೆ ಪೋಸ್ಟರಿನಲ್ಲಿ ಹೆಸರು ಅವನದ್ದೇ. ವಾರವಾರ ಕೊಲೆ, ದರೋಡೆ ಬರೆಯುವ ಈ ಮಹಾಶಯ ಕಳ್ಳರ ಸುದ್ದಿ ಎತ್ತಿದರೆ ನಡುಗುತ್ತಾನೆ. ತಾನು ಬರೆದದ್ದನ್ನು ಯಾರೋ ತಿದ್ದುತ್ತಿದ್ದಾರೆ ಅನ್ನುವುದೇ ಅವನಿಗೆ ಗೊತ್ತಿರುವುದಿಲ್ಲ.

ಇಲ್ಲಿ ಅಪ್ಪ ಸ್ವಲ್ಪ ಮುಂದೆ ಬಾಗಿ ಕೂತರು. ಅಪ್ಪನೂ ರೈಟ್ರು. ಕೊಡಗಿನ ತೋಟಗಳಲ್ಲಿ ರೈಟರ್ ಅಂದರೆ ಕತೆಗಾರ ಅಲ್ಲ. ಹಾಜರಿ, ಕುಯಿಲಿನ ತೂಕ, ಗೊಬ್ಬರ, ಮಳೆಯ ಇಂಚು ಎಲ್ಲ ಬರೆದಿಡುವ ಗುಮಾಸ್ತ. ಈಗ ನಾನೂ ಅದೇ, ಬೇರೆ ತೋಟದಲ್ಲಿ. ಬರೆದದ್ದಕ್ಕೂ ಕಣದಲ್ಲಿ ಇದ್ದದ್ದಕ್ಕೂ ತಾಳೆ ಬೀಳದಿದ್ದರೆ ಮೊದಲು ಕೇಳುವುದು ರೈಟರನ್ನೇ.

1986ರ ಜನವರಿಯಲ್ಲಿ ಅದೇ ಆಯಿತು. ಸುಂಟಿಕೊಪ್ಪದ ಕಡೆಯ ತೋಟ, ಹೆಸರು ಬೇಡ. ಆಗ ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಒಟ್ಟು ಸಂಗ್ರಹಕ್ಕೇ ಹೋಗಬೇಕು, ಹೊರಗೆ ಮಾರುವ ಹಾಗಿಲ್ಲ. ಹಾಗಾಗಿ ಕದ್ದ ಕಾಫಿಗೆ ಕತ್ತಲೆಯಲ್ಲಿ ಗಿರಾಕಿ ಇದ್ದೇ ಇರುತ್ತಿದ್ದ. ಸಿನಿಮಾದ ಕಳ್ಳರು ತುಪ್ಪಳದ ಕೋಟಿನ ಹಿಂದೆ ಯಾಕೆ ಬಿದ್ದಿದ್ದಾರೆ ಅಂತ ಅಳಿಯ ಕೇಳಿದಾಗ ನಾನು ಹೇಳಿದ್ದೂ ಇದನ್ನೇ: ಅಲ್ಲಿ ಬಟ್ಟೆಗೆ 1949ರ ತನಕ ರೇಷನ್ ಇತ್ತು, ಕೂಪನ್ ಇಲ್ಲದ ಮಾಲಿಗೆ ಹಿತ್ತಲಲ್ಲೇ ಬೆಲೆ.

ಕಣದಿಂದ ಮೂರು ಚೀಲ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ, ಕಾಣೆಯಾಯಿತು. ಧಣಿಗಳು ಬೈಯಲಿಲ್ಲ, “ಪುಸ್ತಕ ಇನ್ನೊಂದು ಸಲ ನೋಡಿ ರೈಟ್ರೇ” ಅಂದರಂತೆ, ಅಷ್ಟೇ. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ.

ನನಗೆ ಹನ್ನೆರಡು, ಅಕ್ಕನಿಗೆ ಹದಿನಾಲ್ಕು. ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ ಹುಡುಗರು ಐದಾರು ಜನ, ಮನೆಯಲ್ಲಿ ತುಳು, ಮಲಯಾಳ, ಎರವ ಭಾಷೆ, ಕಣದಲ್ಲಿ ಕನ್ನಡ. ಬಾಡಿಗೆ ಲೈಬ್ರರಿಯ ಪತ್ತೇದಾರಿ ಕಾದಂಬರಿ ಓದಿ ಓದಿ ನಮಗೂ ಜೋನ ಹಾಗೇ ತಲೆ ತಿರುಗಿತ್ತು. ಮೂರು ರಾತ್ರಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ ಕಾದೆವು. ಇಬ್ಬನಿಗೆ ಮೂಗು ಸೋರುತ್ತಿತ್ತು, ಸೀನುವ ಹಾಗಿಲ್ಲ. ಕಾಫಿ ರಾಶಿಯ ಮೇಲೆ ಮುಚ್ಚಿದ ಟಾರ್ಪಲಿನ ಒಂದು ಮೂಲೆಯನ್ನು ಬಿಚ್ಚಿ ಸಿದ್ಧ ಇಟ್ಟುಕೊಂಡಿದ್ದೆವು. ನಾಲ್ಕನೇ ರಾತ್ರಿ ಬಂತು ನೋಡಿ ಹೆಜ್ಜೆ ಸಪ್ಪಳ. ಟಾರ್ಚಿಲ್ಲ, ಬೀಡಿಯಿಲ್ಲ, ಕಂಬಳಿ ಹೊದ್ದ ಒಂದು ಆಕಾರ ಚೀಲಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದೆ. ಟಾರ್ಪಲ್ ಬಿತ್ತು, ಅದರ ಮೇಲೆ ನಾವು ಬಿದ್ದೆವು. ಅಕ್ಕ ಬೊಬ್ಬೆ ಹಾಕಿದಳು. ಆನೆ ಬಂದಾಗ ಲೈನಿನಿಂದ ಲೈನಿಗೆ ಹಬ್ಬುತ್ತದಲ್ಲ, ಆ ಬೊಬ್ಬೆ. ಐದು ನಿಮಿಷದಲ್ಲಿ ಮೂರೂ ಲೈನಿನವರು ದೊಣ್ಣೆ, ಟಾರ್ಚು, ತಗಡಿನ ಡಬ್ಬ ಹಿಡಿದು ಕಣದಲ್ಲಿ ನಿಂತಿದ್ದರು. ಮೇಸ್ತ್ರಿ ಟಾರ್ಪಲ್ ಎತ್ತಿದರು.

ಅಡಿಯಲ್ಲಿ ಅಪ್ಪ. ಕನ್ನಡಕದ ಎಡಗಡೆಯ ಗಾಜು ನುಚ್ಚುನೂರು. ಕಳ್ಳನನ್ನು ತಾವೇ ಹಿಡಿಯಬೇಕು ಅಂತ ಯಾರಿಗೂ ಹೇಳದೆ ಬಂದಿದ್ದರು.

ಮೂರು ಚೀಲ ಸಿಗಲೇ ಇಲ್ಲ. ಅದರ ಬಾಬ್ತು ಅಪ್ಪನ ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಂಡರು. ಮರುವರ್ಷ ನಾವು ಆ ತೋಟ ಬಿಟ್ಟೆವು. ಮನೆಯಲ್ಲಿ ಈ ವಿಷಯ ಯಾರೂ ಎತ್ತುತ್ತಿರಲಿಲ್ಲ.

ಸಿನಿಮಾದಲ್ಲೂ ಅಂಥದ್ದೊಂದು ಇದೆ ಅಂತ ನನಗೇನು ಗೊತ್ತು! ದೊಡ್ಡ ಬಟ್ಟೆ ಅಂಗಡಿಯೊಳಗೆ ಹುಡುಗರು ರಾತ್ರಿ ಕಾದು ಕೂತು, ಕಳ್ಳರು ಅಂದುಕೊಂಡು ಪೊಲೀಸರ ಮೇಲೆಯೇ ಬೀಳುತ್ತಾರೆ. ಆಮೇಲೆ ಚರಂಡಿ ಸುರಂಗದಲ್ಲಿ ಓಟ. ನಾನು ಪರದೆ ಬಿಟ್ಟು ಅಪ್ಪನ ಕಡೆ ತಿರುಗಿದೆ. ಅವರ ಕೈ ತನ್ನಷ್ಟಕ್ಕೆ ಕನ್ನಡಕ ಮುಟ್ಟಿ ನೋಡಿಕೊಳ್ಳುತ್ತಿತ್ತು.

ಕಡೆಯಲ್ಲಿ ನದಿ ಪಕ್ಕದ ಹಾಳುಬಯಲಿಗೆ ಲಂಡನ್ನಿನ ಮೂಲೆಮೂಲೆಯಿಂದ ಹುಡುಗರು ಓಡಿ ಬರುತ್ತಾರೆ. ನೂರಾರು ಜನ, ಗೋಡೆ ಹಾರಿ, ಬೇಲಿ ಮುರಿದು. ‘ಹ್ಯೂ ಅಂಡ್ ಕ್ರೈ’ ಅಂದರೆ ಇಂಗ್ಲೆಂಡಿನ ಹಳೆಯ ಕಾನೂನಿನ ಮಾತು. ಕಳ್ಳನನ್ನು ಕಂಡವನು ಕೂಗಬೇಕು, ಕೂಗು ಕೇಳಿದ ಊರವರೆಲ್ಲ ಬೆನ್ನಟ್ಟಬೇಕು. ಅಳಿಯ ಕನ್ನಡದಲ್ಲಿ ಏನನ್ನಬಹುದು ಅಂದ. ಬೊಬ್ಬೆ, ಮತ್ತೆಂಥ? ಹಾಲಿವುಡ್ಡಿನ ಪತ್ತೇದಾರ ಒಬ್ಬನೇ ತಲೆ ಓಡಿಸಿ ಕಳ್ಳನನ್ನು ಹಿಡಿಯುತ್ತಾನೆ. ಇಲ್ಲಿ ಬುದ್ಧಿವಂತಿಕೆ ಅರ್ಧ ದಾರಿಗೇ ಮುಗಿದು, ಉಳಿದದ್ದೆಲ್ಲ ಗಂಟಲಿನ ಕೆಲಸ. ಈಲಿಂಗಿನವರು ಮುಂದೆ ಇದಕ್ಕಿಂತ ನಯವಾದ ಕಳ್ಳರ ಸಿನಿಮಾ ಮಾಡಿದ್ದಾರೆ. 1951ರ ‘ದಿ ಲ್ಯಾವೆಂಡರ್ ಹಿಲ್ ಮಾಬ್’ ಇದೇ ಕ್ರೈಟನ್, ಇದೇ ಕ್ಲಾರ್ಕ್ ಸೇರಿ ಮಾಡಿದ್ದು. ಆದರೆ ನನ್ನ ಓಟು ಈ ಒರಟಿಗೇ.

ಬ್ಯಾಟರಿ ನಾಲ್ಕು ಪರ್ಸೆಂಟ್ ಇರುವಾಗ ಮುಗಿಯಿತು. ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಮಳೆಯದ್ದೇ ಮಾತು.

“ಆ ಟಾರ್ಪಲ್ ಯಾರ ಐಡಿಯಾ?” ಅಪ್ಪ ಕೇಳಿದರು.

“ಅಕ್ಕನದ್ದು” ಅಂದೆ.

“ಅಮ್ಮನದ್ದಾ!” ಅಳಿಯ ಎದ್ದು ಕೂತ.

“ಸಿಗ್ನಲ್ ಬಂದ ಕೂಡಲೇ ನಿನ್ನ ಅಮ್ಮನಿಗೆ ಫೋನ್ ಹಚ್ಚು” ಅಂದರು ಅಪ್ಪ, “ಗಾಜಿನ ದುಡ್ಡು ಬಾಕಿ ಉಂಟು.”