ಶೆಟ್ಟರ ಗೊಂಬೆ ಹೊರಗೇ ಉಳಿಯಿತು

ಹೋದ ವರ್ಷ ದಸರಾ ಮುಗಿದ ಮರುದಿನ. ಅಮ್ಮ ಗೊಂಬೆಗಳನ್ನು ಹಳೇ ಪಂಚೆಯ ಚೂರಲ್ಲಿ ಸುತ್ತಿ ಟ್ರಂಕಿಗೆ ಇಡುತ್ತಿದ್ದಳು. ನಾನು ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು 'ದಿ ಮಿಸ್ಸಿಂಗ್ ಪಿಕ್ಚರ್' ನೋಡುತ್ತಿದ್ದೆ.

"ಏನೇ ಇದು, ಸಿನಿಮಾದಲ್ಲೂ ಗೊಂಬೆನಾ?" ಅಂತ ಅಮ್ಮ ಇಣುಕಿದಳು.

ಹೌದು, ಗೊಂಬೆಗಳೇ. 1975ರ ಏಪ್ರಿಲ್ 17ರಂದು ಖಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಪಡೆ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ಗೆ ನುಗ್ಗಿತು. ಊರಿಗೆ ಊರನ್ನೇ ಖಾಲಿ ಮಾಡಿಸಿ ಜನರನ್ನು ಗದ್ದೆ ಕೆಲಸಕ್ಕೆ ಅಟ್ಟಿತು. 1979ರ ಜನವರಿಯೊಳಗೆ ಹಸಿವು, ಕಾಯಿಲೆ, ಕೊಲೆಗೆ ಹೋದವರು ಸುಮಾರು 17 ಲಕ್ಷ. ಈ ಸಿನಿಮಾದ ನಿರ್ದೇಶಕ ರಿಥಿ ಪಾನ್ ಆಗ ಇನ್ನೂ ಹುಡುಗ. ಅಪ್ಪ, ಅಮ್ಮ ಇಬ್ಬರನ್ನೂ ಕಳೆದುಕೊಂಡರು. ಆಳುವವರು ತೆಗೆಸಿದ ಪ್ರಚಾರದ ರೀಲುಗಳು ಉಳಿದಿವೆ. ಅವುಗಳಲ್ಲಿ ಎಲ್ಲರೂ ಚುರುಕಾಗಿ ಮಣ್ಣು ಹೊರುತ್ತಾರೆ. ಉಪವಾಸ ಬಿದ್ದು ಸತ್ತವರನ್ನು ಯಾರು ಚಿತ್ರ ತೆಗೀತಾರೆ? ಅದಕ್ಕೇ 2013ರ ಈ ಸಿನಿಮಾಕ್ಕೆ ಅವರು ಮಣ್ಣಿನ ಗೊಂಬೆ ಮಾಡಿಸಿದರು.

ಇದೇ ಕಾಲದ ಬಗ್ಗೆ 'ದಿ ಕಿಲ್ಲಿಂಗ್ ಫೀಲ್ಡ್ಸ್' ಅನ್ನು ಕಾಲೇಜಲ್ಲಿದ್ದಾಗ ನೋಡಿದ್ದೆ. ಚೆನ್ನಾಗಿ ಅತ್ತು, ಆಮೇಲೆ ಹೋಗಿ ಮಸಾಲೆ ದೋಸೆ ತಿಂದೆ. ಸುಳ್ಳು ಯಾಕೆ ಹೇಳಲಿ? ಅದರಲ್ಲಿ ನಟಿಸಿ ಆಸ್ಕರ್ ಪಡೆದ ಹೈಂಗ್ ಙೋರ್ ನಟರಲ್ಲ, ಅದೇ ನರಕದಿಂದ ಬದುಕಿ ಬಂದ ಡಾಕ್ಟರು ಅಂತ ಆಮೇಲೆ ಗೊತ್ತಾಯಿತು. ಆ ದೋಸೆ ನೆನಪಾದರೆ ಇವತ್ತಿಗೂ ಒಂಥರಾ ಆಗುತ್ತದೆ.

ಈ ಗೊಂಬೆಗಳು ಅಲುಗಾಡುವುದಿಲ್ಲ, ಅಳುವುದೂ ಇಲ್ಲ. ಕ್ಯಾಮೆರಾನೇ ಅವುಗಳ ನಡುವೆ ಓಡಾಡುತ್ತದೆ. ಮೊದಲು ಬಣ್ಣದ ಬಟ್ಟೆ, ಆಮೇಲೆ ಎಲ್ಲರಿಗೂ ಕಪ್ಪು. ಒಬ್ಬ ಪುಟ್ಟ ಹುಡುಗನಿಗೆ ಮಾತ್ರ ಚುಕ್ಕಿ ಚುಕ್ಕಿ ಅಂಗಿ. ರಿಥಿ ಪಾನ್ ಅವನೇ.

"ಪಕ್ಕೆಲುಬು ಕೆತ್ತೋಕೆ ಹೇಗೆ ಕೈ ಬಂತೋ" ಅಂದಳು ಅಮ್ಮ. ಪ್ರಾಣಿಗಳಿಗೆ ಹಾಕುವಂಥದ್ದನ್ನು ತಿನ್ನಲಾರೆ ಅಂತ ರಿಥಿ ಪಾನ್ ಅವರ ಅಪ್ಪ ಊಟ ಬಿಟ್ಟು ಸತ್ತಿದ್ದನ್ನು ಹೇಳಿದೆ. ಅವಳು ಮಾತಾಡಲಿಲ್ಲ.

ಕೊನೆಗೆ ಮಲಗಿದ ಒಂದು ಗೊಂಬೆಯ ಮೇಲೆ ಮಣ್ಣು ಬೀಳುತ್ತದೆ. ಮುಚ್ಚಿಹೋಗುತ್ತದೆ. ಮತ್ತೆ ಕಾಣಿಸುತ್ತದೆ. ಮತ್ತೆ ಮಣ್ಣು.

ಅಮ್ಮನ ಕೈಯಲ್ಲಿ ಶೆಟ್ಟರ ಗೊಂಬೆ ಇತ್ತು. ಅರ್ಧ ಸುತ್ತಿದ್ದ ಬಟ್ಟೆ ಬಿಚ್ಚಿದಳು. "ಇದನ್ನ ನಾಳೆ ಇಡ್ತೀನಿ" ಅಂತ ಟೀವಿ ಪಕ್ಕ ನಿಲ್ಲಿಸಿ, ಕಾಫಿಗೆ ಹಾಲಿಡಲು ಎದ್ದುಹೋದಳು.